ಎಂಟನೇ ಹಾಡಿಗೆ ಏಳುವವರು

ಮೂರು ವರ್ಷದ ಹಿಂದಿನ ಮಾತು. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಸಂಗೀತ ವಿತರಣಾ ಕಂಪನಿಯಲ್ಲಿ ನನಗೆ ನಕಲಿ ಕೇಳುಗರನ್ನು ಹಿಡಿಯುವ ಕೆಲಸ. ಕಂಪ್ಯೂಟರಿನಿಂದ ಸುಳ್ಳು ಖಾತೆ ತೆರೆದು, ಒಂದೇ ಹಾಡನ್ನು ಸಾವಿರ ಸಲ ನುಡಿಸಿ, ಜನ ಮುಗಿಬಿದ್ದಿದ್ದಾರೆ ಎಂದು ತೋರಿಸುವವರಿದ್ದಾರೆ. ಅಂಥ ಖಾತೆಗೆ ನಾವು ಬಾಟ್ ಎನ್ನುತ್ತೇವೆ. ಅದರ ಗುರುತು ಅಚ್ಚುಕಟ್ಟು. ಮನುಷ್ಯರು ಹಾಡನ್ನು ಅರ್ಧಕ್ಕೆ ಬಿಡುತ್ತಾರೆ, ಮರೆಯುತ್ತಾರೆ, ಬದಲಾಯಿಸುತ್ತಾರೆ.

ಆ ಜನವರಿಯಲ್ಲಿ ನನ್ನ ಪಾಲಿಗೆ ಬಂದದ್ದು ಸರ್ಬಿಯಾದ ಒಂದು ರಾಕ್ ತಂಡದ ಆಲ್ಬಮ್. ಒಂಬತ್ತು ಹಾಡು, ನಲವತ್ತೆರಡು ನಿಮಿಷ. ಅವರ ಊರಿನ ವಿಮರ್ಶಕರೇ 'ನಿಧಾನ, ಹಳೆಯ ಕಾಲದ್ದು' ಎಂದು ಬದಿಗಿಟ್ಟಿದ್ದರು. ಆದರೆ ಅಬುಧಾಬಿಯ ಮೂವತ್ತೆಂಟು ಖಾತೆಗಳು ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ಐದೂ ಹತ್ತಕ್ಕೆ, ಸಂಜೆ ಆರಕ್ಕೆ, ಒಟ್ಟಿಗೇ ಶುರುಮಾಡಿ ಎಂಟನೇ ಹಾಡಿಗೆ ಒಟ್ಟಿಗೇ ನಿಲ್ಲಿಸುತ್ತಿದ್ದವು. ಒಂಬತ್ತನೆಯದನ್ನು ಒಬ್ಬರೂ ಕೇಳಿರಲಿಲ್ಲ.

ಮ್ಯಾನೇಜರ್ ನೋಡಿದ್ದೇ, "ಖಲಾಸ್. ಗುರುವಾರ ತೆಗೆದುಬಿಡಿ" ಎಂದರು. ತೆಗೆದರೆ ಆಲ್ಬಮ್ ಎಲ್ಲ ದೇಶಗಳಲ್ಲೂ ಮಾಯ, ತಂಡದ ಹೆಸರಿಗೆ ಕಪ್ಪುಚುಕ್ಕೆ. ನಿಯಮದಂತೆ ತಂಡದ ಗಿಟಾರ್ ವಾದಕ ಮಿಲಾನ್‌ಗೆ ನೋಟಿಸ್ ಕಳಿಸಿದೆ. ಆತ ಶಾಲಾ ಮೇಷ್ಟ್ರು. ಆರು ವರ್ಷ ಕೂತು ಮಾಡಿದ ಆಲ್ಬಮ್ ಇದು, ಅಬುಧಾಬಿಯಲ್ಲಿ ನಮಗೆ ಒಬ್ಬರ ಗುರುತೂ ಇಲ್ಲ, ದಯವಿಟ್ಟು ತೆಗೆಯಬೇಡಿ ಎಂದು ಬರೆದ. ಸಿಕ್ಕಿಬಿದ್ದವರೆಲ್ಲ ಹೀಗೇ ಬರೆಯುತ್ತಾರೆ. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಮಂಗಳವಾರ ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತ ಆ ಖಾತೆಗಳನ್ನು ಮತ್ತೆ ಜಾಲಾಡಿದೆ. ಒಂದರಲ್ಲಿ ಚಿತ್ರವಿತ್ತು: ಬಸ್ಸಿನ ಮುಂಭಾಗ, ಗಾಜಿನ ಬುಡದಲ್ಲಿ ರಟ್ಟಿನ ಮೇಲೆ ಕನ್ನಡದ ಕೈಬರಹ, 'ಬಾಗಿಲು ಮೆಲ್ಲ ಹಾಕಿ'. ಬಾಟ್‌ಗೆ ಕನ್ನಡ ಎಲ್ಲಿಂದ ಬಂತು? ನಮ್ಮ ಊರವರ ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರ ಹಾಕಿದೆ. ಸಂಜೆಯೊಳಗೆ ಉತ್ತರ ಬಂತು: ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ಕಂಪನಿ ಬಸ್ಸು, ಡ್ರೈವರ್ ಉಪ್ಪಿನಂಗಡಿಯ ಬ್ಯಾರಿ, ಇಕ್ಬಾಲ್.

ಬುಧವಾರ ರಜೆ ಹಾಕಿ ಹೋದೆ. ಸಂಜೆ ಆರಕ್ಕೆ ಸ್ವಲ್ಪ ಮೊದಲು ವರ್ಕ್‌ಶಾಪಿನ ಗೇಟಿನೆದುರು ನಿಂತಿದ್ದ ಇಕ್ಬಾಲ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ನೀವು ಎಚ್‌ಆರ್‌ನವರಾ ಅಕ್ಕಾ? ಬಸ್ಸಲ್ಲಿ ಯಾರು ನಿದ್ರೆ ಮಾಡ್ತಾರೆ ಅಂತ ಬರ್ಕೊಳ್ಳಿಕ್ಕೆ ಬಂದದ್ದಾ?"

ಅಲ್ಲವೆಂದರೂ ನಂಬಲಿಲ್ಲ. ಹಾಡಿನ ವಿಷಯ ಎತ್ತಿದಾಗ ಮುಖ ಇನ್ನೂ ಬಿಗಿಯಾಯಿತು. ನಮ್ಮಿಬ್ಬರಲ್ಲಿ ಯಾರ ಅನುಮಾನ ದೊಡ್ಡದೆಂದು ಹೇಳುವುದು ಕಷ್ಟ. ನಾನು ಪುತ್ತೂರಿನವಳೆಂದ ಮೇಲೆ, "ಹತ್ತಿ ಮಾರಾಯ್ರೆ, ನೀವೇ ನೋಡಿ" ಎಂದು ತನ್ನ ಹಿಂದಿನ ಸೀಟು ತೋರಿಸಿದ.

ಕೆಲಸಗಾರರು ಹತ್ತಿದರು. ಎಲ್ಲರ ಕಿವಿಗೂ ಇಯರ್‌ಫೋನ್. ಇಕ್ಬಾಲ್ "ಯಲ್ಲಾ" ಎಂದು ಬಸ್ಸು ಹೊರಡಿಸಿದ್ದೇ ಸಾಲುಸಾಲು ಬೆರಳುಗಳು ಫೋನು ಒತ್ತಿದವು. ಎರಡನೇ ಹಾಡಿಗೆ ಬಸ್ಸಿಗೆ ಬಸ್ಸೇ ಮಲಗಿತ್ತು.

ಇಕ್ಬಾಲ್ ಹೇಳಿದ್ದು ಇಷ್ಟು: ಹಿಂದೆ ಒಬ್ಬ ಸರ್ಬಿಯಾದ ಇಂಜಿನಿಯರ್ ಇದೇ ಬಸ್ಸಿನಲ್ಲಿ ಬರುತ್ತ ಸ್ಪೀಕರಿನಲ್ಲಿ ಇದನ್ನೇ ಹಾಕುತ್ತಿದ್ದ. ಆತ ಊರಿಗೆ ಹೋದ, ಕಂಪನಿ ಸ್ಪೀಕರ್ ನಿಲ್ಲಿಸಿತು, ಅಭ್ಯಾಸ ಉಳಿಯಿತು.

"ಹಿಂದಿ ಹಾಡು ಹಾಕಿದ್ರೆ ಮನೆ ನೆನಪಾಗ್ತದೆ ಅಕ್ಕಾ, ನಿದ್ರೆ ಬರುದಿಲ್ಲ. ಇದರದ್ದು ಒಂದು ಶಬ್ದವೂ ಗೊತ್ತಾಗುದಿಲ್ಲ. ಎಂಟನೇದರಲ್ಲಿ ಡ್ರಮ್ ಬಡೀತಾನೆ ನೋಡಿ, ಆಗ ನಾನು ಗೇಟಲ್ಲಿ ಇರ್ಬೇಕು. ತಡ ಆದ್ರೆ ನನಗೇ ಬೈಗುಳ."

ನನಗೆ ಆಗಲೂ ಪೂರ್ತಿ ನಂಬಿಕೆಯಿಲ್ಲ. ಗಡಿಯಾರ ನೋಡುತ್ತ ಕುಳಿತೆ. ಮೂವತ್ತಾರನೇ ನಿಮಿಷಕ್ಕೆ ಬಸ್ಸು ಕೆಲಸಗಾರರು ಉಳಿಯುವ ಕ್ಯಾಂಪಿನ ಗೇಟಿಗೆ ತಿರುಗಿತು. ಹಿಂದಿರುಗಿ ನೋಡಿದರೆ ಅಷ್ಟೂ ತಲೆಗಳು ಒಟ್ಟಿಗೆ ಮೇಲೆದ್ದವು.

ಮರುದಿನ ನಿಮಿಷ ನಿಮಿಷದ ಲೆಕ್ಕದೊಂದಿಗೆ ಎರಡು ಪುಟದ ವರದಿ ಕೊಟ್ಟೆ. ಮ್ಯಾನೇಜರ್ ಎರಡು ಸಲ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಕಡತ ಮುಚ್ಚಿದರು. ಆಲ್ಬಮ್ ಉಳಿಯಿತು. ನಿಮ್ಮ ಕೇಳುಗರು ನಿಜವಾದವರು, ಆದರೆ ನಿದ್ರೆ ಮಾಡುತ್ತಾರೆ, ಎಂಟನೇ ಹಾಡಿನ ಡ್ರಮ್ಮಿಗೆ ಏಳುತ್ತಾರೆ ಎಂದು ಮಿಲಾನ್‌ಗೆ ಬರೆಯಲು ಮಾತ್ರ ಸಂಕೋಚವಾಯಿತು, ಆದರೂ ಬರೆದೆ. ಆತನ ಉತ್ತರ ವಾರದ ಮೇಲೆ ಬಂತು: ಆ ಡ್ರಮ್ ತೆಗೆಯಬೇಕೆಂದು ಎಲ್ಲರೂ ಹೇಳಿದ್ದರು, ಡ್ರಮ್ಮರ್ ಒಬ್ಬನೇ ಹಟ ಹಿಡಿದಿದ್ದ, ಈಗ ನಿಮ್ಮ ಪತ್ರವನ್ನು ಚೌಕಟ್ಟು ಹಾಕಿಸಿಟ್ಟುಕೊಂಡಿದ್ದಾನೆ.

ನಾನೂ ದಿನಾ ಐದೂಕಾಲಿಗೆ ಹಾಲು ಕಾಯಿಸುತ್ತೇನೆ, ಆರಕ್ಕೆ ಕುಕ್ಕರ್ ಇಡುತ್ತೇನೆ. ದೂರದಿಂದ ಲೆಕ್ಕ ಹಾಕುವವರಿಗೆ ನಾನೂ ಯಂತ್ರವೇ. ಅನುಮಾನ ಪಡುವ ಕೆಲಸ ಬಿಟ್ಟಿಲ್ಲ, ಸಂಬಳ ಅದಕ್ಕೇ ಬರುವುದು. ಆದರೆ ಅಂಕಿಗಳು ಅತಿಯಾಗಿ ಅಚ್ಚುಕಟ್ಟಾಗಿ ಕಂಡಾಗ ಈಗ ಮೊದಲು ಕೇಳಿಕೊಳ್ಳುತ್ತೇನೆ: ಈ ಹೊತ್ತಿಗೆ ಎಲ್ಲಿಂದ ಯಾವ ಬಸ್ಸು ಹೊರಡುತ್ತದೆ?