ಹೆಚ್ಚಾದ ಒಂದು ಹನಿ

ಲವೀನಾ, ಗೆರೆಯನ್ನು ಸರಿಸಿದ್ದು ವೈರಸ್ ಅಲ್ಲ, ಎಣ್ಣೆ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕೈಯನ್ನು ದೂರಿದೆ.

ಕೊಚ್ಚಿಯ ಎಡಪ್ಪಳ್ಳಿಯ ಮಾಲಿನಲ್ಲಿ ಬಾಯಿಬಿಟ್ಟು ಹೇಳಿದಾಗ ನೀನು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ—ನಾಲ್ಕು ಜನರ ಎದುರು ಹೇಳಿದರಾದರೂ ನಂಬುತ್ತೀಯೇನೋ ಎಂದು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ವಿವರಿಸಬೇಕಾಗಿದೆ, ಸಹಿಸಿಕೋ.

ತಿರುವನಂತಪುರದ ಶ್ರೀಕಾರ್ಯಂ ಬಳಿಯ ಲ್ಯಾಬಿನಲ್ಲಿ, ಮೈಸೂರಿನಿಂದ ಬಂದ ನಾನು, ಮರಗೆಣಸಿನ ವೈರಸ್ಸನ್ನು ಎಲೆ ಮುದುರುವ ಮೊದಲೇ ಬೆಳಕಿನಿಂದ ಪತ್ತೆಹಚ್ಚುವ ಸಾಧನ ಮಾಡುತ್ತಿದ್ದೆ. ಗಾಜಿನ ಬಿಲ್ಲೆಯ ಮೇಲೆ ಎರಡು ಬಗೆಯ ತೆಳು ಪದರಗಳು, ಒಂದರ ಮೇಲೊಂದು. ಪ್ರಿಸಮ್ಮಿನ ಮೂಲಕ ಬಂದ ಬೆಳಕು ಒಂದೇ ಒಂದು ಕೋನದಲ್ಲಿ ಹಿಂತಿರುಗದೆ, ಮೇಲ್ಪದರದ ಮೈಗೆ ಅಂಟಿಕೊಂಡು ಅಲೆಯಾಗಿ ಹರಿಯುತ್ತದೆ. ಆ ಕೋನದಲ್ಲಿ ಪರದೆಯ ಮೇಲೊಂದು ಕಪ್ಪು ಗೆರೆ. ಎಲೆಯ ರಸದಲ್ಲಿರುವ ವೈರಸ್ ಬಿಲ್ಲೆಗೆ ಅಂಟಿದರೆ ಗೆರೆ ಪಕ್ಕಕ್ಕೆ ಸರಿಯಬೇಕು. ಬಿಲ್ಲೆಗೂ ಪ್ರಿಸಮ್ಮಿಗೂ ನಡುವೆ ಗಾಳಿ ಉಳಿಯದಂತೆ ಒಂದು ಹನಿ ಎಣ್ಣೆ ಹಾಕುತ್ತೇವೆ. ಹನಿ ದೊಡ್ಡದಾದರೆ ಎಣ್ಣೆ ಅಂಚು ಹತ್ತಿ ಮೇಲಕ್ಕೆ ತೆವಳುತ್ತದೆ. ಆಗಲೂ ಗೆರೆ ಸರಿಯುತ್ತದೆ—ನಿಧಾನವಾಗಿ, ವೈರಸ್ಸೇ ಬಂದು ಕುಳಿತ ಹಾಗೆ.

ಮೊದಲ ಸಲ ಗೆರೆ ಸರಿದಾಗ ನಮ್ಮ ಗೈಡ್ ಸರ್ ಎಲ್ಲರಿಗೂ ಚಹಾ, ಬಾಳೆಹಣ್ಣಿನ ಬಜ್ಜಿ ಪಳಂಪೊರಿ ತರಿಸಿದರು. ಬಿಲ್ಲೆ ಬಿಚ್ಚುವಾಗ ಅದರ ಅಂಚಿನಲ್ಲಿ ನನಗೆ ಎಣ್ಣೆಯ ಬಣ್ಣಬಣ್ಣದ ಹೊಳಪು ಕಂಡಿತು. ಒರೆಸಿ, ಚಿಕ್ಕ ಹನಿ ಹಾಕಿ, ಅದೇ ರಸವನ್ನು ಮತ್ತೆ ಹರಿಸಿದೆ. ಗೆರೆ ಅಲುಗಲಿಲ್ಲ. ಆಗ ಪಳಂಪೊರಿ ಇನ್ನೂ ಬಿಸಿಯಾಗಿತ್ತೆ? ಅಥವಾ ಇದು ಮರುದಿನದ ಮಾತೆ? ನೆನಪು ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ಅಂಟಿಸಿ ಕೊಡುತ್ತದೆ; ಹಾಗಾದರೆ ನಾನು ಗಾಬರಿಯಲ್ಲಿ ತಪ್ಪಿದವಳಾಗುತ್ತೇನೆ. ಅದನ್ನು ನಂಬಬೇಡ. ಯೋಚಿಸಲು ನನಗೆ ಸಮಯವಿತ್ತು. ಯೋಚಿಸಿಯೇ ಎರಡನೆಯ ಫಲಿತಾಂಶವನ್ನು ಅಳಿಸಿದೆ.

ಆಮೇಲೆ ಮೊದಲನೆಯ ಫಲಿತಾಂಶ ಪ್ರಬಂಧವಾಗಿ ಅಚ್ಚಾಯಿತು, ನನ್ನ ಕೈಗುಣಕ್ಕೆ ಹೆಸರು ಬಂತು. ಒಳ್ಳೆಯ ಅಡುಗೆಯವರಿಗೆ ಮಲಯಾಳಿಗಳು ಹೇಳುವ ‘ಕೈಪ್ಪುಣ್ಯಂ’ ಲ್ಯಾಬಿನಲ್ಲಿ ನನ್ನದಾಯಿತು. ಹೊರಗಿನವರು ನೋಡಲು ಬಂದರೆ ಬಿಲ್ಲೆ ಕೂರಿಸಲು ನನ್ನನ್ನೇ ಕರೆಯುವುದು ರೂಢಿಯಾಯಿತು. ವಿಜ್ಞಾನ ಓದಿದವರು ನಾವು—ಕೈಗುಣಕ್ಕೆ ಮಾತ್ರ ಯಾರೂ ಕಾರಣ ಕೇಳಲಿಲ್ಲ.

ಮಂಜೇಶ್ವರದ ಹುಡುಗಿ ನೀನು, ಅದೇ ಕೆಲಸ ಮುಂದುವರಿಸಲು ಕೊಚ್ಚಿಯ ಲ್ಯಾಬ್ ಸೇರಿದೆ. ನಿನಗೆ ನಾನು ‘ಚೇಚಿ’, ಅಕ್ಕ. ನಿನ್ನ ಮೊದಮೊದಲಿನ ಫೋನುಗಳು—

“ಚೇಚೀ, ಎಂತ ಮಾಡಿದ್ರೂ ಈ ಗೆರೆ ಅಲುಗುದಿಲ್ಲ ಮಾರಾಯ್ರೆ. ಅದಕ್ಕೆ ಮೈಸೂರಿನವರೇ ಆಗ್ಬೇಕೋ ಏನೋ!”

ನೀನು ನಗುತ್ತಿದ್ದೆ. ನಾನೂ ನಕ್ಕೆ.

ನಗು ನಿಂತ ಮೇಲೆ, ನನ್ನ ಕೈ ನೋಡಿ ಕಲಿಯಲೆಂದು ನೀನು ರೈಲು ಹತ್ತಿ ತಿರುವನಂತಪುರಕ್ಕೆ ಬಂದೆ. ನನ್ನ ಪಕ್ಕದಲ್ಲೇ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ನಾನು ಹನಿ ಹಾಕಿದೆ. ಕೈ ನಡುಗಿತು, ಹನಿ ದೊಡ್ಡದಾಯಿತು ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಡುಗಲಿಲ್ಲ, ಲವೀನಾ.

ಗೆರೆ ಸರಿಯಿತು.

“ನಾನು ಮಾಡುದೂ ಹೀಗೇ ಅಲ್ವಾ ಚೇಚೀ?” ಎಂದು ನೀನು ಕೇಳಿದೆ.

“ನಿನ್ನ ಕೈ ಇನ್ನೂ ಪಳಗಿಲ್ಲ ಕಣೇ” ಎಂದೆ ನಾನು.

ಪಳಗಿದ್ದು ನಿನ್ನ ಕೈಯೇ. ನೀನು ಹಾಕುತ್ತಿದ್ದ ಹನಿ ಅಷ್ಟು ಚಿಕ್ಕದು, ಅಂಚು ಅಷ್ಟು ಸ್ವಚ್ಛ—ಅದಕ್ಕೇ ನಿನ್ನ ಗೆರೆ ನಿಂತಲ್ಲೇ ನಿಂತು ನಿಜ ಹೇಳುತ್ತಿತ್ತು. ಅಷ್ಟೂ ವರ್ಷ ನಿನಗೆ ಸಿಗುತ್ತಿದ್ದುದು ಸರಿಯಾದ ಉತ್ತರ: ಈ ಬಿಲ್ಲೆಗೆ ವೈರಸ್ ಅಂಟುವುದಿಲ್ಲ. ಅದು ಸೋಲೆಂದು ನೀನು ನಂಬುವಂತೆ ಮಾಡಿದವಳು ನಾನು. ನನಗೆ ಪದವಿ ಬಂತು, ಅಲ್ಲೇ ಹತ್ತಿರದ ಕಳಕ್ಕೂಟಂನಲ್ಲಿ ಕೆಲಸ ಸಿಕ್ಕಿತು. ನೀನು ಸಂಶೋಧನೆ ಬಿಟ್ಟೆ ಎಂದು ಯಾರೋ ಕ್ಯಾಂಟೀನಿನಲ್ಲಿ ಹೇಳಿದರು. ನಾನು ಊಟ ಮುಂದುವರಿಸಿದೆ. ಏನು ಊಟ ಎಂಬುದು ನೆನಪಿಲ್ಲ, ಮುಂದುವರಿಸಿದ್ದು ನೆನಪಿದೆ.

ಕಳೆದ ತಿಂಗಳು ಕೊಚ್ಚಿಗೆ ಬಂದವಳು ಆ ಮಾಲಿನ ಕನ್ನಡಕದಂಗಡಿಗೆ ಹೊಕ್ಕೆ. ಕೌಂಟರಿನ ಹಿಂದೆ ನೀನು.

“ಅರೇ ಚೇಚೀ! ಕೋಟಿಂಗ್ ಇರುವ ಗ್ಲಾಸೇ ಹಾಕ್ಲಾ? ಪದರದ ವಿಷಯ ನಿಮಗೆ ನಾನು ಹೇಳ್ಬೇಕಾ!”

ಕನ್ನಡಕ ಸಿದ್ಧವಾದ ಮೇಲೆ ನೀನೇ ಅದರ ಕಡ್ಡಿಗಳನ್ನು ಬಿಸಿ ಮಾಡಿ, ಬಗ್ಗಿಸಿ, ನನ್ನ ಕಿವಿಗೆ ಹೊಂದಿಸುತ್ತಿದ್ದೆ. ಆಗ ನಾನು ಹೇಳಿದೆ. ಎಣ್ಣೆ, ಅಂಚು, ಅಳಿಸಿದ ಫಲಿತಾಂಶ, ಬೇಕೆಂದೇ ದೊಡ್ಡದು ಮಾಡಿದ ಹನಿ—ಎಲ್ಲ. ನೀನು ಕಡ್ಡಿಯನ್ನು ಇನ್ನೊಮ್ಮೆ ಬಗ್ಗಿಸಿ ನನ್ನ ಕಿವಿಗೇರಿಸಿದೆ.

“ಪಾಪ, ಚೇಚಿ. ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಿ ಹೇಳುದು ಬೇಡ. ನನ್ನ ಕೈ ಹೇಗೇಂತ ನನಗೆ ಗೊತ್ತುಂಟು.” ನೀನು ನಗುತ್ತಲೇ ಇದ್ದೆ. “ಈಗ ಒಮ್ಮೆ ತಲೆ ಬಗ್ಗಿಸಿ. ಜಾರ್ತದಾ?”

ಬಗ್ಗಿಸಿದೆ. ಜಾರಲಿಲ್ಲ.

ಆ ಪ್ರಬಂಧವನ್ನು ಹಿಂತೆಗೆಯಬೇಕೆಂದು ಅದು ಅಚ್ಚಾದ ಪತ್ರಿಕೆಗೆ ಬರೆದಿದ್ದೇನೆ. ಪ್ರಬಂಧ ಹೋಗಬಹುದು, ಪದವಿಯೂ ಹೋಗಬಹುದು. ಅದರಿಂದ ನಿನ್ನ ಕೈ ನಿನಗೆ ಮರಳುವುದಿಲ್ಲ. ನನ್ನ ಸುಳ್ಳನ್ನು ನೀನು ಒಂದೇ ಮಾತಿಗೆ ನಂಬಿದೆ; ನಿಜಕ್ಕೆ ಇನ್ನೆಷ್ಟು ಮಾತು ಬೇಕೋ, ಎಷ್ಟಾದರೂ ನೀನು—

ಮೇಜಿನ ಮೇಲೆ ಬಗ್ಗಿ ಬರೆಯುತ್ತಿದ್ದೇನೆ. ನೀನು ಹೊಂದಿಸಿದ ಕನ್ನಡಕ ಇನ್ನೂ ಜಾರಿಲ್ಲ.