ಮೂರನೇ ಕೋಣೆಯ ಆಂಟೆನಾ ಮೇಡಂ

ಕೋಲ್ಡ್ ಸ್ಟೋರೇಜಿನ ಕೊರೆಯುವ ಚಳಿಯಲ್ಲೂ ಅವರ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿರುತ್ತಿದ್ದವು. ಎಡಗೈಯಲ್ಲಿ ಮುದುಡಿ ಹಿಡಿದ ಕರ್ಚೀಫಿನಿಂದ ಒರೆಸಿಕೊಂಡರೆ ಮರುಗಳಿಗೆಗೇ ಮತ್ತೆ ಮೂಡುತ್ತಿದ್ದವು. ನಾವೆಲ್ಲ ಸ್ವೆಟರಿನ ಮೇಲೆ ಶಾಲು ಹೊದ್ದು ಹಲ್ಲು ಕಟಕಟಿಸುತ್ತಿದ್ದರೆ, ಅವರೊಬ್ಬರು ಬೇಸಿಗೆಯ ಬಸ್ಸಿನಲ್ಲಿ ಸಿಕ್ಕಿಕೊಂಡವರಂತೆ ಬೆವರುತ್ತಿದ್ದರು. ಅದು ಭಯದ ಬೆವರು ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ರಸ್ತೆಯ ಪಕ್ಕ, ತೆಂಗಿನ ತೋಟಗಳ ನಡುವೆ, ಹುಣಸೆಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಅಲ್ಲಿ ನಾನು ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಬಿಳಿಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಲ್ಲರ ಕೈಗೂ ಮೊಬೈಲ್ ಬರತೊಡಗಿದ್ದ ವರ್ಷಗಳು ಅವು. ಆದರೆ ನಮ್ಮ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಫೋನು ಮೂಕವಾಗುತ್ತಿತ್ತು. ಗೋಡೆಯೊಳಗೆ ದಪ್ಪನೆಯ ಥರ್ಮಾಕೋಲ್, ಅದರ ಮೇಲೆ ತಗಡು. ಚಳಿಯನ್ನು ಹೊರಗೆ ಬಿಡದ ಗೋಡೆ ಸಿಗ್ನಲನ್ನೂ ಒಳಗೆ ಬಿಡುತ್ತಿರಲಿಲ್ಲ. ಇಂಟರ್‌ಕಾಮ್ ಹಾಕಿಸಿದರೆ ಹೆಗ್ಗಣಗಳು ವೈರು ಕಡಿದು ಹಾಕುತ್ತಿದ್ದವು. ಕೊನೆಗೆ ಮಾಲೀಕರು ಫೋನ್ ಕಂಪನಿಯವರ ಒಪ್ಪಿಗೆ ಪಡೆದು ಕಟ್ಟಡದೊಳಗೇ ಆಂಟೆನಾ ಹಾಕಿಸಲು ಮನಸ್ಸು ಮಾಡಿದರು. ಆ ಕೆಲಸಕ್ಕೆ ತುಮಕೂರಿನಿಂದ ಬಂದವರು ಇವರು. ನಾವೆಲ್ಲ ‘ಆಂಟೆನಾ ಮೇಡಂ’ ಎಂದೇ ಕರೆಯುತ್ತಿದ್ದೆವು.

ಹುಳಿಯಾರು ಕಡೆಯ ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಡಿಪ್ಲೊಮಾ ಓದಿ ಈ ಕೆಲಸಕ್ಕೆ ಸೇರಿದ್ದರು. ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಗಂಡಸರ ಶರಟನ್ನು ಚೂಡಿದಾರದ ಮೇಲೆ ತೊಟ್ಟ ವೇಷ. ಮೊದಲ ದಿನ ಕಟ್ಟಡದ ನಕ್ಷೆ ಹಿಡಿದು, ಫೋನಿನ ಮೇಲೇ ಕಣ್ಣಿಟ್ಟು, ಕೋಣೆಯಿಂದ ಕೋಣೆಗೆ ಅಲೆದರು. ಒಳಗೆ ಹೋಗುವ ಮೊದಲು ಬಾಗಿಲು ಮುಚ್ಚಿಕೊಳ್ಳದಂತೆ ಇಟ್ಟಿಗೆ ಅಡ್ಡ ಇಡುತ್ತಿದ್ದರು. ಇಟ್ಟಿಗೆ ಸಾಲದೆ ನನ್ನನ್ನೂ ಅಲ್ಲಿ ನಿಲ್ಲಿಸುತ್ತಿದ್ದರು. “ಅಲ್ಲೇ ನಿಂತಿರ್ರಿ, ಎಲ್ಲೂ ಹೋಗ್ಬ್ಯಾಡ್ರಿ” ಎಂದು ಒಳಗಿನಿಂದ ಎರಡೆರಡು ಸಲ ಕೂಗುತ್ತಿದ್ದರು.

ಮೂರನೇ ಕೋಣೆಯಲ್ಲಿ ನಿಂತು ಅವರು ನಕ್ಷೆಯ ಮೇಲೆ ಕೆಂಪು ಗೀಟು ಎಳೆದು, “ಇದು ಪೂರ್ತಿ ಡೆಡ್ಡು” ಎಂದರು. ಮೂಟೆ ಹೊರುವ ಗಂಗಕ್ಕ ಅಲ್ಲೇ ನಿಂತಿದ್ದಳು. ಹೊರಗೆ ಬಂದವಳೇ ಮಿಕ್ಕ ಹೆಂಗಸರಿಗೆ ಹೇಳಿಬಿಟ್ಟಳು. ಮಾರನೆಯ ದಿನ ಒಬ್ಬರೂ ಮೂರನೇ ಕೋಣೆಗೆ ಹೋಗಲೊಲ್ಲರು.

“ಯಾರೋ ಸತ್ತವ್ರಂತಲ್ಲ ಒಳಗೆ? ಮೇಡಮ್ಮೋರೇ ಯಂತ್ರ ಹಿಡಿದು ನೋಡವ್ರೆ” ಎಂದಳು ಗಂಗಕ್ಕ.

ಮೇಡಂ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ಸತ್ತಿಲ್ಲ ಕಣಕ್ಕ. ಆದ್ರೆ ಒಳಗೆ ಏನಾರ ಆದ್ರೆ ನೀನು ಕೂಗಿದ್ದು ಯಾರ್ಗೂ ಕೇಳಿಸಾಕಿಲ್ಲ. ಹೆದ್ರಿಕೊಳ್ಳೋದು ಒಳ್ಳೇದೇ” ಎಂದರು. ಗಂಗಕ್ಕನ ಮುಖ ಇನ್ನಷ್ಟು ಬಿಳುಚಿಕೊಂಡಿತು.

ಛಾವಣಿಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ನಿಲ್ಲಿಸಿ, ಪಟ್ಟಣದ ಟವರಿನ ಕಡೆಗೆ ಅದರ ಮುಖ ತಿರುಗಿಸಿದರು. ಅಲ್ಲಿಂದ ದಪ್ಪ ಕೇಬಲ್ ಇಳಿದು ಆಫೀಸಿನ ಗೋಡೆಯ ರಿಪೀಟರ್ ಪೆಟ್ಟಿಗೆಗೆ. ಪೆಟ್ಟಿಗೆ ಸಿಗ್ನಲನ್ನು ಬಲಪಡಿಸಿ ಒಳಗಿನ ಪುಟ್ಟ ಆಂಟೆನಾಗಳಿಗೆ ಹಂಚುತ್ತಿತ್ತು. ಮಾಲೀಕರ ಲೆಕ್ಕದಲ್ಲಿ ಆಫೀಸಿಗೊಂದು, ಕೋಣೆಗಳ ನಡುವಣ ಓಣಿಗೊಂದು ಆಂಟೆನಾ ಸಾಕಾಗಿತ್ತು. ಮೇಡಂ ಪ್ರತಿ ಕೋಣೆಗೂ ಒಂದೊಂದು ಬೇಕೆಂದು ಪಟ್ಟು ಹಿಡಿದರು. ರಿಪೀಟರಿಗೆ ಬೇರೆ ಬ್ಯಾಟರಿಯೂ ಬೇಕೆಂದರು.

“ಕೋಣೆ ಒಳಗೆ ಯಾರಮ್ಮ ಫೋನಲ್ಲಿ ಮಾತಾಡ್ತಾರೆ? ಹುಣಸೆಹಣ್ಣಾ?” ಎಂದು ಮಾಲೀಕರು ರೇಗಿದರು.

“ಬಾಗ್ಲು ಹಾಕ್ಕೊಂಡ್ರೆ ಓಣಿ ಸಿಗ್ನಲ್ ಒಳಕ್ ಬರಾಕಿಲ್ಲ ಸಾರ್. ಒಂದ್ ಸಲ ನೀವೇ ಒಳಗ್ ನಿಂತ್ಕಳ್ಳಿ, ನಾನು ಬಾಗ್ಲು ಹಾಕ್ತೀನಿ.”

ಮಾಲೀಕರು ನಿಂತರು. ಸಂಜೆ, “ಅದೇನು ಬೇಕೋ ಹಾಕ್ಬುಡಿ” ಎಂದು ಹೇಳಿ ಹೊರಟುಹೋದರು.

ಕೆಲಸ ಮುಗಿದ ಮೇಲೂ ಮೇಡಂ ಆಗಾಗ ಪರೀಕ್ಷೆಗೆ ಬರುತ್ತಿದ್ದರು. ನಮ್ಮಿಬ್ಬರಿಗೂ ಸಲಿಗೆ ಬೆಳೆಯಿತು. ನಾನು ತಂದ ಬುತ್ತಿಯನ್ನು ಹಂಚಿಕೊಳ್ಳುತ್ತಿದ್ದರು. ಊಟಕ್ಕೂ ಬಾಗಿಲು ಕಾಣುವ ಕಡೆಯೇ ಕೂರುತ್ತಿದ್ದರು.

ಹಾಗೆ ಬಂದ ಒಂದು ಮಧ್ಯಾಹ್ನ ಅವರು, ನಾನು, ಗಂಗಕ್ಕ ಮೂರನೇ ಕೋಣೆಯಲ್ಲಿದ್ದೆವು. ಮೇಡಂ ಆಂಟೆನಾ ನೋಡುತ್ತಿದ್ದಾಗ, ಚಳಿ ಹೋಗುತ್ತದೆಂದು ಗಂಗಕ್ಕ ಇಟ್ಟಿಗೆ ಸರಿಸಿ ಬಾಗಿಲು ಎಳೆದಿದ್ದಳು. ಇದ್ದಕ್ಕಿದ್ದಂತೆ ದೀಪ ಆರಿತು. ಫ್ಯಾನುಗಳ ಸದ್ದು ನಿಂತಿತು. ಆ ಕತ್ತಲಲ್ಲಿ ಮೂಗಿಗೆ ಸೂಜಿ ಚುಚ್ಚಿದಂತೆ ಒಂದು ಘಾಟು ಬಂತು. ಅಮೋನಿಯಾ. ನಮ್ಮ ಕೋಣೆಗಳನ್ನು ತಣ್ಣಗಿಡುವ ಗ್ಯಾಸ್ ಅದು. ಹೆಚ್ಚಾಗಿ ಉಸಿರಿಗೆ ಹೋದರೆ ಮನುಷ್ಯ ಉಳಿಯುವುದಿಲ್ಲವೆಂದು ಸೇರಿದ ದಿನವೇ ನಮಗೆ ಹೇಳಿದ್ದರು.

ಮೇಡಂ ಬಾಗಿಲಿನ ಕಡೆಗೆ ಓಡಿದರು. ನಾನೂ ಓಡಿದೆ. ಅವರ ಕೈ ಹಿಡಿಕೆಯ ಮೇಲಿತ್ತು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮೆಷಿನ್ ಆಪರೇಟರ್ ರಹಮತ್. ಕೆಮ್ಮಿನ ನಡುವೆ ಅವನ ದನಿ ಸೀಳಿಕೊಂಡು ಬಂತು.

“ಅಕ್ಕಾ, ಬಾಗ್ಲು ತೆಗೀಬ್ಯಾಡ್ರಿ! ಓಣಿ ತುಂಬಾ ಗ್ಯಾಸು. ವಾಲ್ವು ಒಡೆದೈತೆ. ನಾನು ಮೇನ್ ಆಫ್ ಮಾಡಿ ಗೇಟಿಗೆ ಬಂದೀನಿ. ಫೈರಿನೋರು ಬತ್ತಾವ್ರೆ. ತೆಗೆದ್ರೆ ಸತ್ತೋಯ್ತೀರಿ!”

ನಾನು ಮೇಡಂ ಕೈ ಹಿಡಿದೆ. ಅವರು ಕೊಸರಿಕೊಂಡರು. ಆ ಸಣಕಲು ಮೈಯಲ್ಲಿ ಎಲ್ಲಿತ್ತೋ ಆ ಬಲ! “ಬಿಡಿ, ನನ್ನ ಬಿಡಿ, ನಾನು ಒಳಗಿರಾಕಾಗಲ್ಲ” ಎಂದು ಕಿರುಚಿದರು. ಗಂಗಕ್ಕ ಹಿಂದಿನಿಂದ ಬಂದು ಅವರನ್ನು ತಬ್ಬಿ ಹಿಡಿದಳು. ಫೋನನ್ನು ಅವರ ಕಿವಿಗೆ ಒತ್ತಿದೆ. ರಹಮತ್ ಮತ್ತೆ ಅದನ್ನೇ ಹೇಳಿದ. ಮೇಡಂ ಕೈ ಹಿಡಿಕೆಯಿಂದ ಜಾರಿತು.

ಗಂಗಕ್ಕ ಸೀರೆಯ ಸೆರಗು ಹರಿದು, ತನ್ನ ಬಾಟಲಿಯ ಕುಡಿಯುವ ನೀರಿನಲ್ಲಿ ಅದ್ದಿ, ಬಾಗಿಲ ಕೆಳಗಿನ ಸಂದಿಗೆ ತುರುಕಿದಳು. ಉಳಿದ ತುಂಡನ್ನು ಮೂವರೂ ಮೂಗಿಗೆ ಕಟ್ಟಿಕೊಂಡೆವು. ಬಾಗಿಲಿನಿಂದ ದೂರ ಹೋಗಿ ಎಂದ ರಹಮತ್. ತಡವರಿಸುತ್ತಾ ಮೂಟೆಗಳ ಹಿಂದಿನ ಮೂಲೆಗೆ ಸರಿದೆವು. ಅಲ್ಲಿ ಕರೆ ಕಟ್ಟಾಯಿತು.

ಆ ಮೌನ ಘಾಟಿಗಿಂತ ಭಯಂಕರವಾಗಿತ್ತು. ಹೊರಗೆ ಏನಾಗುತ್ತಿದೆ, ಯಾರಾದರೂ ಬಂದರೋ ಇಲ್ಲವೋ, ಗ್ಯಾಸು ಏರುತ್ತಿದೆಯೋ ಇಳಿಯುತ್ತಿದೆಯೋ ಒಂದೂ ತಿಳಿಯದು. ಗಂಗಕ್ಕ ಮಕ್ಕಳ ಹೆಸರು ಹಿಡಿದು ಅಳತೊಡಗಿದಳು.

“ಮೂಟೆ ಜಾಸ್ತಿ ಆಗವೆ. ಸಿಗ್ನಲ್ ಅಡ್ಡ ಕಟ್ಕೊಂಡೈತೆ” ಎಂದರು ಮೇಡಂ. ಹಲ್ಲುಗಳ ನಡುವಿನಿಂದ ಬಂದ ಮಾತು. “ಆಂಟೆನಾ ಬಾಗಿಲ ಹತ್ರ. ಅಲ್ಲೋದ್ರೆ ಸಿಕ್ತದೆ.”

“ಅಲ್ಲಿ ಘಾಟು ಜಾಸ್ತಿ ಕಣ್ರೀ” ಎಂದೆ.

“ಗೊತ್ತು. ಫೋನ್ ಕೊಡ್ರಿ.”

ಫೋನಿನ ಮಸುಕು ಬೆಳಕಿನಲ್ಲಿ ಅವರ ಮುಖ ಕಂಡಿತು. ಬೆವರು ಕತ್ತಿನವರೆಗೂ ಇಳಿದಿತ್ತು. ಧೈರ್ಯದ ಒಂದು ಗೆರೆಯೂ ಆ ಮುಖದಲ್ಲಿರಲಿಲ್ಲ. ಆದರೂ ಎದ್ದರು. ಗೋಡೆ ಹಿಡಿದು ಘಾಟಿನ ಕಡೆಗೇ ನಡೆದರು. ಆಂಟೆನಾದ ಕೆಳಗೆ ನಿಂತು ರಹಮತ್‌ಗೆ ಕರೆ ಮಾಡಿ, ಅವನು ಹೇಳಿದ್ದನ್ನೆಲ್ಲ ನಮಗೆ ಕೂಗಿ ತಿಳಿಸತೊಡಗಿದರು. ಕೂಗಿಗೊಮ್ಮೆ ಕೆಮ್ಮು.

“ಫೈರ್ ಗಾಡಿ ಬಂತಂತೆ!... ಓಣಿಗೆ ನೀರು ಹೊಡೀತಾವ್ರೆ!... ಗಂಗಕ್ಕ, ಅಳಬ್ಯಾಡ, ನಿನ್ ಗಂಡ ಗೇಟಿನಾಗೇ ಅವ್ನಂತೆ!”

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ನಾನು ಹೇಳಲಾರೆ. ಬಾಗಿಲು ತೆರೆದಾಗ ಮುಖವಾಡ ತೊಟ್ಟವರು ಮೊದಲು ಎತ್ತಿಕೊಂಡಿದ್ದು ಅವರನ್ನೇ. ಕಣ್ಣು ಊದಿ ಮುಚ್ಚಿಹೋಗಿದ್ದವು.

ತಿಪಟೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇದ್ದರು. ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಕೊಂಡೇ ನನಗೆ ತಮ್ಮ ಕಥೆ ಹೇಳಿದರು. ಅವರ ಹಟ್ಟಿಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರಂತೆ. ಬಾಯಿ ಕಿರಿದು, ಒಳಗೆ ಅಗಲವಾದ ಗುಂಡಿ. ಚಿಕ್ಕಂದಿನಲ್ಲೊಮ್ಮೆ ರಾಗಿ ತೆಗೆಯಲು ಸಣ್ಣ ಮೈಯ ಇವರನ್ನು ಹಗ್ಗ ಕಟ್ಟಿ ಇಳಿಸಿದ್ದರು. ಒಳಗಿನ ಕೆಟ್ಟ ಗಾಳಿಗೆ ಉಸಿರು ಸಿಕ್ಕಿಕೊಂಡಿತು.

“ಕೂಗ್ತಾನೇ ಇದ್ದೆ ಕಣ್ರೀ. ಮ್ಯಾಲೆ ನಮ್ಮೋರು ನಗ್ತಾ ಮಾತಾಡ್ತಿದ್ದಿದ್ದು ನಂಗೆ ಕೇಳ್ತಿತ್ತು. ನಾನು ಕೂಗಿದ್ದು ಅವ್ರಿಗೆ ಕೇಳಿಸ್ಲಿಲ್ಲ.” ರಾಗಿ ತುಂಬಲು ಜೊತೆಗೆ ಇಳಿಬಿಟ್ಟಿದ್ದ ಪುಟ್ಟಿ ಅಲುಗಾಡದ್ದನ್ನು ಕಂಡು ಅಜ್ಜಿ ಹಗ್ಗ ಎಳೆಸಿದ್ದರಿಂದ ಬದುಕಿದ್ದರು.

“ಮತ್ತೆ ಈ ಕೆಲಸಕ್ಕೇ ಯಾಕೆ ಬಂದ್ರಿ?” ಎಂದೆ.

“ಬೇರೆ ಯಾವ ಕೆಲಸಕ್ಕೋದ್ರೂ ಆ ಕೂಗು ನನ್ನ ಬಿಡ್ತಿರ್ಲಿಲ್ಲ” ಎಂದರು.

ಆಮೇಲೆ ನಾನು ಕೆಲಸಕ್ಕೆ ಹೋಗಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೇ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನದೊಂದು ಸಂಬಳದ ಮೇಲೆ ನಡೆಯುತ್ತಿದ್ದ ಮನೆ. ಯಾರು ಬುದ್ಧಿ ಹೇಳಿದರೂ ಕಾಲು ಏಳಲಿಲ್ಲ. ಒಂದು ಬೆಳಿಗ್ಗೆ ಮೇಡಂ ಬಿಳಿಗೆರೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ಕಣ್ಣು ಇನ್ನೂ ಕೆಂಪಾಗಿದ್ದವು.

“ಮೂರನೇ ಕೋಣೇಲಿ ಇನ್ನೊಂದು ಆಂಟೆನಾ ಹಾಕ್ಬೇಕು. ಆ ಮೂಲೆಗೆ. ಒಬ್ಳೇ ಒಳಗೋಗಾಕೆ ನನ್ ಕೈಲಾಗಲ್ಲ. ನೀವು ಬಂದ್ರೆ ಹೋಗ್ತೀನಿ” ಎಂದರು.

ಅದು ನನ್ನನ್ನು ಎಬ್ಬಿಸಲು ಹೂಡಿದ ಉಪಾಯವಾಗಿರಲಿಲ್ಲ. ಅವರು ಕರ್ಚೀಫಿನಿಂದ ಮೇಲ್ದುಟಿ ಒರೆಸಿಕೊಳ್ಳುತ್ತಲೇ ಇದ್ದರು. ಇಬ್ಬರೂ ಕೈ ಹಿಡಿದುಕೊಂಡು ಆ ಕೋಣೆಗೆ ಹೋದೆವು. ಅವರು ಏಣಿ ಹತ್ತಿದರು, ನಾನು ಏಣಿ ಹಿಡಿದೆ. ಮಾರನೆಯ ದಿನದಿಂದ ನಾನು ಕೆಲಸಕ್ಕೆ ಹೋಗತೊಡಗಿದೆ. ಇವತ್ತಿಗೂ ನನ್ನ ಮನೆ ನಿಂತಿರುವುದು ಆ ಬೆಳಗಿನಿಂದ.

ಕೆಲವು ವರ್ಷಗಳ ಬಳಿಕ ಅವರಿಗೆ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿತು. ಆ ಮಧ್ಯಾಹ್ನದ್ದೇ ಶೇಷವೋ, ಬೇರೆಯದೋ, ವೈದ್ಯರು ಖಚಿತವಾಗಿ ಹೇಳಲಿಲ್ಲ. ತುಮಕೂರಿನ ಆಸ್ಪತ್ರೆಗೆ ಹೋದಾಗ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ನನ್ನನ್ನು ಗುರುತಿಸಿ ಬೆರಳು ಹಿಡಿದುಕೊಂಡರು.

“ಭಯ ಆಯ್ತದೆ ಕಣ್ರೀ. ಏನಾರ ಮಾತಾಡ್ತಾ ಇರ್ರಿ.”

ಪಕ್ಕದಲ್ಲಿ ಕೂತು ಮಾತಾಡಿದೆ. ಗಂಗಕ್ಕನ ಮಗಳ ಮದುವೆ ಗೊತ್ತಾದದ್ದು, ನೊಣವಿನಕೆರೆ ಬಸ್ಸು ಹೊತ್ತಿಗೆ ಬಾರದ್ದು, ರಹಮತ್ ಹೊಸ ಸ್ಕೂಟರಿನಿಂದ ಬಿದ್ದದ್ದು, ನಮ್ಮ ಹಿತ್ತಲಿನ ತೆಂಗಿಗೆ ನುಸಿ ಹತ್ತಿದ್ದು. ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಹೋದೆ. ಕಿಟಕಿಯ ಬಿಸಿಲು ಮಂಚದಿಂದ ನೆಲಕ್ಕೆ ಇಳಿಯಿತು. ನರ್ಸಮ್ಮ ಬಂದು ಅವರ ಕೈ ಮುಟ್ಟಿ, ಕತ್ತು ಮುಟ್ಟಿ, ನನ್ನ ಭುಜದ ಮೇಲೆ ಕೈಯಿಟ್ಟಾಗ ನಾನಿನ್ನೂ ತೆಂಗಿನ ನುಸಿಯ ವಿಷಯ ಹೇಳುತ್ತಿದ್ದೆ. ಅವರು ಯಾವ ಮಾತಿನ ತನಕ ಕೇಳಿಸಿಕೊಂಡಿದ್ದರೋ ನನಗೆ ತಿಳಿಯಲಿಲ್ಲ.