ಗಿರಣಿಯ ದನಿ

ಅಜ್ಜಿ ಮೂವತ್ತು ವರ್ಷ ನೇಯ್ಗೆ ಗಿರಣಿಯಲ್ಲಿ ದುಡಿದವಳು. ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿ, ಮನೆಯಲ್ಲೂ ಗಂಟಲು ಕಿತ್ತುಹೋಗುವಂತೆ ಮಾತಾಡುತ್ತಿದ್ದಳು. "ನಮ್ಮಮ್ಮ ಗುಟ್ಟು ಹೇಳಿದ್ರೆ ಮೂರು ಬೀದಿಗೆ ಗೊತ್ತಾಗುತ್ತೆ" ಎಂದು ಮಗ ನಗುತ್ತಿದ್ದ.

ಆ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ಮೊಮ್ಮಗಳು. ಅವಳನ್ನು ನೋಡಲು ಹಾಸ್ಟೆಲಿಗೆ ಬಂದ ಅಜ್ಜಿ ಅಂಗಳದಿಂದಲೇ ಕೂಗಿದಳು: "ಕಡ್ಡಿ ಆಗಿದ್ದೀಯಲ್ಲೇ, ಹೊಟ್ಟೆಗೆ ಹಾಕ್ತಾರೋ ಇಲ್ವೋ!"

ಕಿಟಕಿಗಳಲ್ಲಿ ಗೆಳತಿಯರು ನಕ್ಕರು. ಮೊಮ್ಮಗಳು ಅಜ್ಜಿಯ ಕಿವಿಗೆ ಬಾಯಿಟ್ಟು, "ಮೆಲ್ಲಗೆ ಮಾತಾಡೋಕೆ ಬರಲ್ಲ ಅಂದ್ರೆ ಸುಮ್ನಿರಜ್ಜಿ. ನನ್ನ ಮಾನ ಹೋಗುತ್ತೆ" ಎಂದಳು.

ಅಂದಿನಿಂದ ಅಜ್ಜಿ ಅವಳೆದುರು ನಕ್ಕು ತಲೆಯಾಡಿಸುತ್ತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ. ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದುಕೊಂಡಳು ಮೊಮ್ಮಗಳು.

ಅಜ್ಜಿ ತೀರಿಕೊಂಡ ವಾರಕ್ಕೆ ಗಿರಣಿಯ ಹಳೆಯ ಜೊತೆಗಾತಿ ಬಂದಳು. ಅವಳ ದನಿಯೂ ಅಷ್ಟೇ ಜೋರು. "ನಿಮ್ಮಜ್ಜಿ ನಮ್ಮನೆಗೆ ಬಂದಾಗೆಲ್ಲ ನಿನ್ನ ಸುದ್ದೀನೇ ಕಣಮ್ಮ. 'ಮೊಮ್ಮಗಳ ಹತ್ರಾನೇ ಮಾತಾಡೇ' ಅಂದ್ರೆ, 'ನನ್ನ ದನಿ ಎಷ್ಟು ಜೋರು ಅಂತ ನನಗೇ ಕೇಳಿಸಲ್ಲ, ಮಗೂದು ಮಾನ ಹೋದ್ರೆ?' ಅಂತಿದ್ಲು."

ಮೊಮ್ಮಗಳು ತಲೆ ಎತ್ತಲಿಲ್ಲ. "ಅಜ್ಜಿ ಇನ್ನೇನು ಹೇಳ್ತಿದ್ಲು?" ಎಂದಳು. ಮುದುಕಿಗೆ ಕೇಳಿಸಲಿಲ್ಲ. ನೆಂಟರೆಲ್ಲ ತಿರುಗಿ ನೋಡುವಂತೆ ಮೊಮ್ಮಗಳು ಗಂಟಲೆತ್ತಿ ಮತ್ತೆ ಕೇಳಿದಳು.